ಒಳಗು ಕಿತ್ತ ರೇಡಿಯೊ

ಹಳೆಯ ವಾಲ್ವ್ ರೇಡಿಯೊಗಳಿಗೆ ಮತ್ತೆ ಬೆಲೆ ಬಂದಿದೆ. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹೋಗುತ್ತಿದ್ದ ಮರ್ಫಿ, ಬುಷ್, ಫಿಲಿಪ್ಸ್, ಎಚ್‌ಎಂವಿ ಸೆಟ್ಟುಗಳು ಪಾಲಿಶ್ ಹಚ್ಚಿಸಿಕೊಂಡು ಪಡಸಾಲೆಗೆ ಮರಳುತ್ತಿವೆ. ಗುಂಡಿ ತಿರುವಿದರೆ ದೀಪ ಹತ್ತುತ್ತದೆ, ಹಾಡೂ ಬರುತ್ತದೆ. ಹಿಂದಿನ ರಟ್ಟಿನ ಮುಚ್ಚಳ ತೆಗೆದರೆ ಒಳಗಿರುವುದು ಒಂದು ಬ್ಲೂಟೂತ್ ಕಿಟ್ಟು, ಒಂದು ಅಡಾಪ್ಟರು, ಎರಡು ಹೊಸ ಸ್ಪೀಕರು. ವಾಲ್ವು, ಕಾಯಿಲು, ಟ್ರಾನ್ಸ್‌ಫಾರ್ಮರು ಹೊತ್ತಿದ್ದ ಚಾಸಿಸ್ಸು ತಾಮ್ರದ ಬೆಲೆಗೆ ಹೋಗಿರುತ್ತದೆ. ಮೂಲೆ ಸೇರಿದ್ದ ವಸ್ತು ಮತ್ತೆ ಬಳಕೆಗೆ ಬಂತಲ್ಲ ಎಂದು ಜನ ಇದನ್ನು ಮೆಚ್ಚುತ್ತಾರೆ. ನನಗೆ ಮಾತ್ರ ಬಹುಪಾಲು ಸೆಟ್ಟುಗಳ ಮಟ್ಟಿಗೆ ಇದು ತಪ್ಪು ಕೆಲಸವೆಂದೇ ಕಾಣುತ್ತದೆ.

ಬ್ಲೂಟೂತ್ ಹಾಕಿಸುವವರ ವಾದ ಹಗುರವಾದದ್ದೇನಲ್ಲ. ರಿಪೇರಿ ಮಾಡಿಸಿದ ಮೇಲೆ ಕೇಳುವುದೇನನ್ನು ಎನ್ನುತ್ತಾರೆ ಅವರು. ಆಕಾಶವಾಣಿ ದೇಶದ ಹಲವು ಕಡೆ ಮೀಡಿಯಂ ವೇವ್ ಪ್ರಸಾರವನ್ನು ನಿಲ್ಲಿಸಿದೆ. ಸಿಲೋನಿನಿಂದ 1952ರಲ್ಲಿ ಶುರುವಾಗಿ ಊರೂರನ್ನೇ ರೇಡಿಯೊದ ಮುಂದೆ ಕೂರಿಸಿದ್ದ ಬಿನಾಕಾ ಗೀತಮಾಲಾ ನೆನಪಷ್ಟೇ. ಆ ಕಾಲದ ಹೆಚ್ಚಿನ ಸೆಟ್ಟುಗಳಲ್ಲಿ ಎಫ್‌ಎಂ ಬ್ಯಾಂಡೇ ಇಲ್ಲ. ಇದ್ದ ಸ್ಟೇಷನ್ನನ್ನಾದರೂ ಹಿಡಿಯೋಣವೆಂದರೆ ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಕರಕರ ಅಡ್ಡ ಬರುತ್ತದೆ. ಇಷ್ಟೂ ನಿಜ.

ಚಿಂಚೋಳಿ ತಾಲ್ಲೂಕಿನ ಐನಾಪುರದ ಒಂದು ಮನೆಯಲ್ಲಿ ನೋಡಿದ ಸೆಟ್ಟನ್ನು ಮುಂದಿಟ್ಟುಕೊಂಡೇ ಇದಕ್ಕೆ ಉತ್ತರ ಹೇಳಬೇಕು. ಕರೆಂಟು ಬರುವ ಮೊದಲು ಕೊಂಡ ಬ್ಯಾಟರಿ ಸೆಟ್ಟು ಅದು. "ನಮ್ಮ ಮುತ್ಯಾಂದು ಇದು. ಇದರಾಗ ಫೋನಿನ ಹಾಡು ಬರಂಗ ಮಾಡಿಕೊಡ್ರಿ" ಎಂಬುದು ಮೊಮ್ಮಗನ ಬೇಡಿಕೆ. ಡಯಲ್ ಗಾಜಿನ ಮೇಲೆ ದಿಲ್ಲಿ, ಬಾಂಬೆ, ಸಿಲೋನ್ ಎಲ್ಲ ಅಚ್ಚಾಗಿವೆ, ಗುಲ್ಬರ್ಗ (ಇಂದಿನ ಕಲಬುರಗಿ) ಇಲ್ಲ. ಇರುವುದು ಹೇಗೆ? ಅಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದೇ 1966ರಲ್ಲಿ. ಆದರೆ 250 ಮತ್ತು 300 ಮೀಟರಿನ ನಡುವೆ ಯಾರೋ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟಿದ್ದಾರೆ. ಕಲಬುರಗಿಯ 1107 ಕಿಲೋಹರ್ಟ್ಸ್ ಅಂದರೆ 271 ಮೀಟರು, ಚುಕ್ಕೆಯ ಜಾಗವೂ ಅದೇ.

ಈ ಚುಕ್ಕೆಯ ಹಿಂದೆ ಒಂದು ಸೀಮೆಯ ಚರಿತ್ರೆಯೇ ಇದೆ. 1948ರ ಸೆಪ್ಟೆಂಬರ್ 17ರಂದು ಈ ಸೀಮೆಯನ್ನು ಆಳುತ್ತಿದ್ದ ನಿಜಾಮರ ಶರಣಾಗತಿಯ ಸುದ್ದಿ ಹೊರಬಿದ್ದದ್ದು ಹೈದರಾಬಾದಿನ ರೇಡಿಯೊದಿಂದ. 1950ರಲ್ಲಿ ಧಾರವಾಡ ಕೇಂದ್ರ ಬಂತು, 1956ರಲ್ಲಿ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಹತ್ತು ವರ್ಷಕ್ಕೆ ತಮ್ಮದೇ ಜಿಲ್ಲೆಯ ದನಿ ಕೇಳಿಸಿದಾಗ ಈ ಮನೆಯವರು ಅದರ ಜಾಗವನ್ನು ತಾವೇ ಗುರುತು ಮಾಡಿಕೊಂಡರು. ಬ್ಲೂಟೂತ್ ಹಾಕಿಸಿದರೂ ಚುಕ್ಕೆ ಗಾಜಿನ ಮೇಲೆ ಉಳಿಯುತ್ತದೆ, ಒಪ್ಪಿದೆ. ಆದರೆ ಗುಂಡಿ, ದಾರ, ರಾಟೆ, ಗ್ಯಾಂಗ್ ಕಂಡೆನ್ಸರು ಒಂದಕ್ಕೊಂದು ಕಟ್ಟಿಕೊಂಡು ಮುಳ್ಳನ್ನು ಆ ಚುಕ್ಕೆಗೆ ಒಯ್ಯುತ್ತಿದ್ದ ಏರ್ಪಾಡು ಹೋಗುತ್ತದೆ. ಉಳಿದ ಗುರುತಿಗೆ ಆಮೇಲೆ ಅರ್ಥವೇ ಇರುವುದಿಲ್ಲ.

ರಿಪೇರಿ ಆಗದ ಮಾತು ಎನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ವಾಲ್ವು ಸಿಗುವುದಿಲ್ಲ ಎನ್ನುತ್ತಾರೆ. ಬೆಂಗಳೂರಿನ ಬಿಇಎಲ್ ಕಾರ್ಖಾನೆ ರೇಡಿಯೊ ವಾಲ್ವುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತ್ತು, ಅದರ ಮುದ್ರೆಯಿರುವ ಬಳಸದ ಮಾಲು ಹುಡುಕಿದರೆ ಇಂದಿಗೂ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಕೆಡುವುದು ವಾಲ್ವಲ್ಲ, ಮೇಣ ತುಂಬಿದ ಕಾಗದದ ಕಂಡೆನ್ಸರುಗಳು. ಕರೆಂಟಿನ ಸೆಟ್ಟಾದರೆ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಒಂದು ಸಣ್ಣ ಕಂಡೆನ್ಸರ್ ಸೋರತೊಡಗಿದರೆ ಸಾಕು, ವಾಲ್ವು ಕಾದು ಕೆಂಪಾಗಿ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಂಡು ಹೋಗುತ್ತದೆ. ಅದನ್ನು ಬದಲಿಸಲು ಬೇಕಾದದ್ದು ಕೆಲವೇ ರೂಪಾಯಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚಿ ಪರೀಕ್ಷಿಸುವುದೇ ದೊಡ್ಡ ಅನಾಹುತ. ಬಲ್ಲ ಮೆಕ್ಯಾನಿಕ್ ಮೊದಲು ಸೀರೀಸ್ ಬೋರ್ಡಿನ ಬಲ್ಬಿನ ಮೂಲಕ ಕರೆಂಟು ಕೊಟ್ಟು ನೋಡುತ್ತಾನೆ. ಬಲ್ಬು ಭರ್ತಿ ಬೆಳಗಿದರೆ ಒಳಗೆಲ್ಲೋ ಶಾರ್ಟ್ ಇದೆ ಎಂದರ್ಥ.

ವಿಡಿಯೊ ಗೇಮ್ ಯಂತ್ರಗಳ ಲೋಕದಲ್ಲೂ ಇದೇ ಜಗಳ ಇದೆ. ಹಳೆಯ ಆರ್ಕೇಡ್ ಪೆಟ್ಟಿಗೆಯನ್ನು ಇದ್ದಂತೆ ಸರಿಪಡಿಸಬೇಕೇ, ಇಲ್ಲ ಒಳಗೆ ಕಂಪ್ಯೂಟರ್ ಕೂರಿಸಿ ಸಾವಿರ ಆಟ ತುಂಬಬೇಕೇ? ಅಲ್ಲಿ ಬದಲಾವಣೆಯ ಪರ ಒಂದು ಒಳ್ಳೆಯ ಸಾಕ್ಷಿಯೂ ಇದೆ. ನಿಂಟೆಂಡೊ ಕಂಪನಿಯ ರಾಡಾರ್ ಸ್ಕೋಪ್ ಎಂಬ ಆಟದ ಸುಮಾರು 2,000 ಯಂತ್ರಗಳು ಅಮೆರಿಕದಲ್ಲಿ ಮಾರಾಟವಾಗದೆ ಬಿದ್ದಿದ್ದವು. 1981ರಲ್ಲಿ ಆ ಪೆಟ್ಟಿಗೆಗಳನ್ನೇ ಹೊಸ ಆಟಕ್ಕೆ ಹೊಂದಿಸಿದರು. ಡಾಂಕಿ ಕಾಂಗ್ ಹುಟ್ಟಿದ್ದು ಹಾಗೆ. 1985ರಲ್ಲಿ ಜಾಮ್ಮಾ ಎಂಬ ಏಕರೂಪದ ವೈರಿಂಗ್ ಬಂದ ಮೇಲಂತೂ ಒಂದು ಬೋರ್ಡು ತೆಗೆದು ಇನ್ನೊಂದು ಸಿಕ್ಕಿಸುವುದು ಆ ದಂಧೆಯ ನಿತ್ಯದ ಕೆಲಸವಾಯಿತು. ಆ ಪೆಟ್ಟಿಗೆಗಳನ್ನು ಕಟ್ಟಿದ್ದೇ ಹಾಗೆ. ತೆಗೆದ ಬೋರ್ಡನ್ನು ಮತ್ತೆ ಕೂರಿಸಬಹುದು, ಪಿಕ್ಚರ್ ಟ್ಯೂಬು, ಸ್ಟಿಕ್ಕು, ಗುಂಡಿಗಳಿಗೆ ಕುತ್ತಿಲ್ಲ. ಟ್ಯೂಬ್ ಕಿತ್ತು ಎಲ್‌ಸಿಡಿ ಕೂರಿಸಲು ಪ್ಲೈವುಡ್ ಕೊಯ್ದಾಗ ಮಾತ್ರ ಹಿಂದಿರುಗುವ ದಾರಿ ಮುಚ್ಚುತ್ತದೆ.

ರೇಡಿಯೊಗೂ ಅಂಥದೇ ಒಂದು ಬಾಗಿಲನ್ನು ಕಟ್ಟಿದವರೇ ಇಟ್ಟಿದ್ದಾರೆ ಎಂಬುದನ್ನು ಬ್ಲೂಟೂತ್ ಹಾಕುವವರು ಮರೆತೇಬಿಟ್ಟಿದ್ದಾರೆ. ಬಹಳಷ್ಟು ಸೆಟ್ಟುಗಳ ಹಿಂಬದಿಯಲ್ಲಿ ಪಿಕಪ್ ಎಂದೋ ಗ್ರಾಮ್ ಎಂದೋ ಬರೆದ ಎರಡು ತೂತುಗಳಿರುತ್ತವೆ. ಗ್ರಾಮಫೋನಿನ ವೈರು ಸಿಕ್ಕಿಸಲು ಮಾಡಿದ್ದು ಅವು. ಅಲ್ಲಿಗೆ ಫೋನನ್ನು ಸರಿಯಾಗಿ ಜೋಡಿಸಿದರೆ ಹಾಡು ಹಳೆಯ ವಾಲ್ವುಗಳ ಮೂಲಕವೇ ಹಾದು ಹಳೆಯ ಸ್ಪೀಕರಿನಲ್ಲೇ ಬರುತ್ತದೆ. ಒಂದು ಎಚ್ಚರಿಕೆ ಬೇಕು: ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಿ ಚಾಸಿಸ್ಸಿಗೇ ಮನೆಯ ಕರೆಂಟು ಬಂದಿರಬಹುದು. ಅಂಥದಕ್ಕೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಫೋನು ತಾಗಿಸಿದರೆ ಜೀವಕ್ಕೇ ಅಪಾಯ.

ಐನಾಪುರದ ಸೆಟ್ಟಿಗೆ ಆ ಭಯವಿಲ್ಲ. ಅದರ ಒಳಗಿರುವುದು ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96 ಎಂಬ ನಾಲ್ಕು ವಾಲ್ವು. ಅವಕ್ಕೆ ಬೇಕಾದ 90 ವೋಲ್ಟಿನ ದೊಡ್ಡ ಬ್ಯಾಟರಿ ಅಂಗಡಿಗಳಿಂದ ಮಾಯವಾಗಿದೆ, ಸೆಟ್ಟು ಮೂಲೆ ಸೇರಿದ್ದೂ ಅದಕ್ಕೇ. ಆದರೆ 9 ವೋಲ್ಟಿನ ಹತ್ತು ಸಣ್ಣ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ ಅದೇ 90 ವೋಲ್ಟು, ಫಿಲಮೆಂಟಿಗೆ ಒಂದು ದಪ್ಪ ಟಾರ್ಚ್ ಸೆಲ್ಲು. ವೈರು ತಪ್ಪಿ 90 ವೋಲ್ಟು ಫಿಲಮೆಂಟಿಗೆ ಹೋದರೆ ನಾಲ್ಕೂ ವಾಲ್ವು ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ, ಹಾಗಾಗಿ ಇದು ಅವಸರದ ಕೆಲಸವಲ್ಲ.

ಎಲ್ಲ ಸೆಟ್ಟನ್ನೂ ಉಳಿಸಲೇಬೇಕೆಂಬ ಹಟ ನನಗಿಲ್ಲ. ಗೆದ್ದಲು ತಿಂದ ಪೆಟ್ಟಿಗೆ, ತುಕ್ಕಿಗೆ ತೂತಾದ ಚಾಸಿಸ್ಸು, ಸುಟ್ಟ ಟ್ರಾನ್ಸ್‌ಫಾರ್ಮರ್ ಮೂರೂ ಕೂಡಿದಲ್ಲಿ ಬ್ಲೂಟೂತ್ ಹಾಕಿಸಿಕೊಳ್ಳಲಿ. ಅಲ್ಲೂ ವಾಲ್ವುಗಳನ್ನು, ಕಾಯಿಲುಗಳನ್ನು ಬಿಚ್ಚಿ ರಿಪೇರಿ ಮಾಡುವವರಿಗೆ ಕೊಡಬೇಕು. ಇನ್ನೊಂದು ಸೆಟ್ಟು ಅವುಗಳಿಂದ ಬದುಕುತ್ತದೆ. ಐನಾಪುರದ ಸೆಟ್ಟು ಆ ಗತಿಗೆ ಬಂದದ್ದಲ್ಲ. ಅದಕ್ಕೆ ಬೇಕಾದದ್ದು ಹೊಸ ಕಂಡೆನ್ಸರುಗಳು, ಮುಳ್ಳಿಗೊಂದು ದಾರ, ಹತ್ತು ಬ್ಯಾಟರಿ. ಮೊಮ್ಮಗನ ಹಾಡಿಗೆ ಹಿಂದಿನ ಎರಡು ತೂತುಗಳಿವೆ.