ಗ್ರಂಥಪಾಲಕರ ತಲೆಎಣಿಕೆ

ಅಮೆರಿಕದ ಗ್ರಂಥಾಲಯ ಸಂಘದ 'ಡೈವರ್ಸಿಟಿ ಕೌಂಟ್ಸ್' ಅಧ್ಯಯನ ನನಗೆ ಬಲು ಇಷ್ಟ. ಗ್ರಂಥಪಾಲಕರಲ್ಲಿ ಯಾರೆಲ್ಲ ಇದ್ದಾರೆಂದು ತಿಳಿಯಲು ಸದಸ್ಯರಿಗೆ ಪ್ರಶ್ನಾವಳಿ ಕಳಿಸಿ ಸುಮ್ಮನಾಗಬಹುದಿತ್ತು. ಆಗ ಉತ್ತರಿಸುವ ಉತ್ಸಾಹಿಗಳಷ್ಟೇ ಲೆಕ್ಕಕ್ಕೆ ಸಿಗುತ್ತಿದ್ದರು. ಇಲ್ಲಿ ಸರ್ಕಾರದ ಗಣತಿ ಇಲಾಖೆಯ ಅಂಕಿಗಳನ್ನೇ ಹಿಡಿದು, ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆಯಿಂದ ವೃತ್ತಿಪದವಿ ಪಡೆದವರನ್ನೂ ಸಹಾಯಕರನ್ನೂ ಬೇರೆ ಮಾಡಿದ್ದಾರೆ. 2012ರ ಪರಿಷ್ಕೃತ ಲೆಕ್ಕದಲ್ಲಿ ಪದವೀಧರ ಗ್ರಂಥಪಾಲಕರು 1,18,666. ಅವರಲ್ಲಿ ಹೆಂಗಸರು ಶೇ 83, ಬಿಳಿಯರು ಶೇ 88. ಕಪ್ಪುವರ್ಣೀಯ ಗಂಡಸರು? ಅಷ್ಟು ದೊಡ್ಡ ದೇಶಕ್ಕೆಲ್ಲ ಬರೀ 563. ಮಾದರಿ ಸಮೀಕ್ಷೆಯಿಂದ ಹೊರಟ ಅಂದಾಜು ಇದು, ಕೊನೆಯ ಅಂಕಿಯವರೆಗೂ ನಂಬಬೇಕಿಲ್ಲ ಅನ್ನಿ. ಆದರೂ ಎಲ್ಲರಿಗೂ ಬಾಗಿಲು ತೆರೆದಿದೆ ಎನ್ನುವ ವೃತ್ತಿಯೊಂದು, ಮೇಜಿನ ಹಿಂದೆ ಕೂತವರು ಯಾರೆಂದು ತಾನೇ ಎಣಿಸಿ ಊರಿಗೆಲ್ಲ ಹೇಳಿದ್ದು ದೊಡ್ಡತನವೇ.