ಸುಶ್ರುತಸಂಹಿತೆಯ ಯೋಗ್ಯಾವಿಧಿಯೂ ಪ್ರಸೂತಿತಂತ್ರದ ಶಿಕ್ಷಣಕ್ರಮವೂ

ಪ್ರಾಚೀನ ಭಾರತದ ಶಲ್ಯತಂತ್ರವನ್ನು ಪ್ರಶಂಸಿಸುವವರು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 9ನೆಯದಾದ ಯೋಗ್ಯಾಸೂತ್ರೀಯಾಧ್ಯಾಯವನ್ನು ಉದಾಹರಿಸುವುದು ವಾಡಿಕೆ. ಇಂದಿನ ಆಸ್ಪತ್ರೆಗಳಲ್ಲಿ ಪ್ರಸೂತಿತಂತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ವರ್ಷದಿಂದ ವರ್ಷಕ್ಕೆ ಮೆಟ್ಟಲೇರುವ ಕ್ರಮವೆಲ್ಲವೂ ಅಲ್ಲಿಯೇ ಅಡಗಿದೆಯೆಂದು ಹೇಳುವವರೂ ಉಂಟು. ಈ ಮಾತು ಎಷ್ಟರಮಟ್ಟಿಗೆ ಗ್ರಂಥಸಮ್ಮತವೆಂಬುದು ಆ ಒಂದು ಅಧ್ಯಾಯದಿಂದ ನಿರ್ಣಯವಾಗದು. ಚಿಕಿತ್ಸಾಸ್ಥಾನದ 15ನೆಯ ಮೂಢಗರ್ಭಚಿಕಿತ್ಸಿತವನ್ನೂ ಶಾರೀರಸ್ಥಾನದ 10ನೆಯ ಗರ್ಭಿಣೀವ್ಯಾಕರಣವನ್ನೂ ಅದರೊಡನೆ ಇಟ್ಟು ನೋಡಬೇಕು.

ಯೋಗ್ಯೆಯೆಂದರೆ ಕರ್ಮಾಭ್ಯಾಸ. ಶಾಸ್ತ್ರವೆಲ್ಲವನ್ನೂ ಓದಿದವನಾದರೂ ಅಭ್ಯಾಸವಿಲ್ಲದಿದ್ದರೆ ಕರ್ಮಕ್ಕೆ ಅನರ್ಹನೆಂಬುದು ಆಚಾರ್ಯನ ಮತ. ಆದುದರಿಂದ ಛೇದನಕ್ಕೆ ಬೂದುಗುಂಬಳ, ಸೋರೆ, ಸೌತೆ, ಕಲ್ಲಂಗಡಿಗಳು. ಭೇದನಕ್ಕೆ ನೀರು ಕೆಸರುಗಳನ್ನು ತುಂಬಿದ ತೊಗಲ ಚೀಲ. ವೇಧನಕ್ಕೆ ಸತ್ತ ಪಶುಗಳ ಸಿರೆಗಳು ಮತ್ತು ನೈದಿಲೆಯ ದಂಟು. ಆಹರಣಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು. ಸೀವನಕ್ಕೆ ಬಟ್ಟೆಯ ಮತ್ತು ಮೆದುದೊಗಲಿನ ಅಂಚು. ಬಂಧನಕ್ಕೆ ಮನುಷ್ಯಾಕಾರದ ಬೊಂಬೆ ವಿಧಿಸಲ್ಪಟ್ಟಿವೆ. ಪ್ರತಿಯೊಂದು ಕರ್ಮಕ್ಕೂ ಅದರ ಗುಣವನ್ನು ಹೋಲುವ ವಸ್ತುವನ್ನೇ ಆರಿಸಿರುವ ಸೂಕ್ಷ್ಮದೃಷ್ಟಿ ನಿಜವಾಗಿಯೂ ಶ್ಲಾಘ್ಯವಾದುದು.

ಮುಂದಿನ 10ನೆಯ ಅಧ್ಯಾಯವು ವೈದ್ಯನು ವೃತ್ತಿಗೆ ಇಳಿಯುವ ಮೊದಲು ದಾಟಬೇಕಾದ ಹಂತಗಳನ್ನು ಹೇಳುತ್ತದೆ. ಅವನು ತಂತ್ರವನ್ನು ಓದಿರಬೇಕು, ಅರ್ಥವನ್ನು ಮನನಮಾಡಿರಬೇಕು, ಕರ್ಮವನ್ನು ನೋಡಿರಬೇಕು, ಯೋಗ್ಯೆಯನ್ನು ಮಾಡಿರಬೇಕು, ಶಾಸ್ತ್ರವನ್ನು ವಿವರಿಸಬಲ್ಲವನಾಗಿರಬೇಕು, ಕಡೆಗೆ ರಾಜಾನುಜ್ಞೆಯನ್ನು ಪಡೆದಿರಬೇಕು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗುರುವಿನ ಕರ್ಮವನ್ನು ನೋಡುವುದು ಒಂದು ಹಂತ; ಹಣ್ಣು ತೊಗಲುಗಳ ಮೇಲೆ ತಾನೇ ಮಾಡುವುದು ಮತ್ತೊಂದು. ಗುರುವು ಪಕ್ಕದಲ್ಲಿ ನಿಂತಿರಲು ರೋಗಿಯ ದೇಹದ ಮೇಲೆ ಶಿಷ್ಯನು ಸ್ವಲ್ಪ ಸ್ವಲ್ಪವಾಗಿ ಮಾಡುವ ಹಂತವು ಈ ಪಟ್ಟಿಯಲ್ಲಿ ಇಲ್ಲ.

ಈ ಕೊರತೆಯು ಎದ್ದು ಕಾಣುವುದು ಮೂಢಗರ್ಭದಲ್ಲಿ. ಅಡ್ಡಬಿದ್ದ ಗರ್ಭವನ್ನು ಹೊರತೆಗೆಯುವುದಕ್ಕಿಂತ ಕಷ್ಟತರವಾದ ಕರ್ಮವಿಲ್ಲವೆಂದು ಸಂಹಿತೆಯೇ ಹೇಳುತ್ತದೆ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಸ್ಪರ್ಶದಿಂದ, ಒಂದೇ ಕೈಯಿಂದ, ಗರ್ಭಕ್ಕೂ ಗರ್ಭಿಣಿಗೂ ಹಿಂಸೆಯಾಗದಂತೆ ನಡೆಯಬೇಕು. ಸಜೀವಗರ್ಭವನ್ನು ಶಸ್ತ್ರದಿಂದ ಸೀಳಕೂಡದು. ಮೃತಗರ್ಭದಲ್ಲಿಯೂ ಮೊನೆ ಹರಿತವಾದ ವೃದ್ಧಿಪತ್ರವನ್ನು ಬಿಟ್ಟು ಮಂಡಲಾಗ್ರವನ್ನೇ ಬಳಸಬೇಕು.

ಹಲಸಿನ ತಿರುಳನ್ನು ಕೀಳುವ ಆಹರಣಯೋಗ್ಯೆಯೇ ಇದಕ್ಕೆ ಸಾಕೆಂದು ಪೂರ್ವಪಕ್ಷವನ್ನು ಹೂಡಬಹುದು. ಅದು ನಿಲ್ಲದು. ಹಲಸು ಕಣ್ಣಿಗೆ ಕಾಣುವ ವಸ್ತು. ಅಲ್ಲಿ ತಪ್ಪಿದರೆ ಕೆಡುವುದು ಹಣ್ಣು ಮಾತ್ರ. ಇದಲ್ಲದೆ, ವೃತ್ತಿಗೆ ಇಳಿಯುವಾಗಲೇ ಅನುಜ್ಞೆ ಪಡೆದಿರುವ ವೈದ್ಯನು ಮೂಢಗರ್ಭದಲ್ಲಿ ಅಧಿಪತಿಯನ್ನು ಮತ್ತೊಮ್ಮೆ ಕೇಳಿಯೇ ತೊಡಗಬೇಕೆಂದು ವಿಧಿಯಿದೆ. ಅಧಿಪತಿಯೆಂದರೆ ಅರಸನಾಗಲಿ ಮನೆಯ ಯಜಮಾನನಾಗಲಿ, ತಾತ್ಪರ್ಯ ಒಂದೇ: ಮೊದಲಿನ ಶಿಕ್ಷಣವೂ ಅನುಜ್ಞೆಯೂ ಇಲ್ಲಿಗೆ ಸಾಲವೆಂಬುದನ್ನು ಗ್ರಂಥಕಾರನೇ ಬಲ್ಲನು.

ಹಾಗಾದರೆ ಹೆರಿಗೆಯ ಹಸ್ತಕೌಶಲವು ಯಾರಲ್ಲಿತ್ತು? ಉತ್ತರವು ಗರ್ಭಿಣೀವ್ಯಾಕರಣದಲ್ಲಿದೆ. ಪ್ರಸವಕಾಲದಲ್ಲಿ ಬಳಿಯಲ್ಲಿರಬೇಕಾದವರು ಉಗುರು ಕತ್ತರಿಸಿಕೊಂಡ, ವಯಸ್ಸಾದ, ಹೆರಿಗೆಯಲ್ಲಿ ಕುಶಲರಾದ ನಾಲ್ವರು ಸ್ತ್ರೀಯರು. ಅವರು ಕುಶಲರೆಂದು ಒಪ್ಪಿದ ಶಾಸ್ತ್ರವು ಆ ಕುಶಲತೆಯು ಅವರಿಗೆ ಯಾರಿಂದ, ಎಷ್ಟು ವರ್ಷಗಳಲ್ಲಿ ಬಂದಿತೆಂಬುದನ್ನು ಹೇಳುವುದಿಲ್ಲ. ಸೋರೆಕಾಯಿಗೂ ಸ್ಥಳವಿತ್ತ ಗ್ರಂಥದಲ್ಲಿ ಸೂಲಗಿತ್ತಿಯ ವಿದ್ಯಾಭ್ಯಾಸಕ್ಕೆ ಒಂದು ವಾಕ್ಯವೂ ಇಲ್ಲ. ನೂರಾರು ಹೆರಿಗೆಗಳನ್ನು ಮಾಡಿಸಿದ ಕೈಗೆ ಶಾಸ್ತ್ರವಿಲ್ಲ. ಶಾಸ್ತ್ರವುಳ್ಳ ಕೈ ಮೂಢಗರ್ಭಕ್ಕೆ ಹೊಸದು.

ಈ ಎರಡನ್ನೂ ಕೂಡಿಸುವ ಯತ್ನವು ಫ್ರಾನ್ಸಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಸೂಲಗಿತ್ತಿ ಮದಾಂ ದ್ಯು ಕುದ್ರೇ 1759ರಲ್ಲಿ ಹದಿನೈದನೆಯ ಲೂಯಿಯ ಅನುಜ್ಞೆ ಪಡೆದು ಪ್ರಾಂತಗಳಲ್ಲಿ ಸಂಚರಿಸಿ, ಬಟ್ಟೆ ತೊಗಲುಗಳಿಂದ ಮಾಡಿದ ಗರ್ಭಾಶಯ ಮತ್ತು ಶಿಶುವಿನ ಬೊಂಬೆಗಳ ಮೇಲೆ ಹಳ್ಳಿಯ ಹೆಂಗಸರಿಗೆ ಪ್ರಸವವಿದ್ಯೆಯನ್ನು ಕಲಿಸಿದಳು. ಸುಶ್ರುತನ ಬೊಂಬೆ ಕಟ್ಟುಕಟ್ಟುವುದಕ್ಕೆ ಮಾತ್ರವಿತ್ತು. ಇವಳ ಬೊಂಬೆಯು ಹೆರಿಗೆಗೇ ಮೀಸಲಾಯಿತು.

ಈಗ ಭಾರತದಲ್ಲಿ ಈ ವಿದ್ಯೆಯ ಸ್ನಾತಕೋತ್ತರ ಶಿಕ್ಷಣಕ್ಕೆ 3 ವರ್ಷ, ಅಮೆರಿಕಾದಲ್ಲಿ 4 ವರ್ಷ. ಮೊದಲು ಹೆರಿಗೆಯ ಕೋಣೆಯಲ್ಲಿ ಸಹಜಪ್ರಸವ. ಬಳಿಕ ಶಸ್ತ್ರಕರ್ಮದಲ್ಲಿ ಗುರುವಿಗೆ ಸಹಾಯ. ಅನಂತರ ಗುರುವೇ ಸಹಾಯಕನಾಗಿ ನಿಂತು ಶಿಷ್ಯನಿಂದ ಮಾಡಿಸುವುದು. ಕಡೆಗೆ ಕಿರಿಯರಿಗೆ ಕಲಿಸುವುದು. ಸಂಹಿತೆಯ ಪಟ್ಟಿಯಲ್ಲಿ ಕಾಣದ ಹಂತ ಇದೇ: ಗುರುವಿನ ಕೈ ಕ್ರಮಕ್ರಮವಾಗಿ ಹಿಂದೆ ಸರಿಯುವುದು.

ಆದುದರಿಂದ ಆಧುನಿಕ ಕ್ರಮವೆಲ್ಲವೂ ಸುಶ್ರುತನಲ್ಲಿ ಇದೆಯೆಂಬುದು ಅತ್ಯುಕ್ತಿ. ಅಲ್ಲಿ ಏನೂ ಇಲ್ಲವೆಂಬುದು ಅಜ್ಞಾನ. ಅಭ್ಯಾಸವಿಲ್ಲದ ಕೈ ರೋಗಿಯನ್ನು ಮುಟ್ಟಬಾರದೆಂಬ ತತ್ತ್ವವನ್ನು ಆಚಾರ್ಯನು ಸ್ಥಾಪಿಸಿದನು. ಆ ತತ್ತ್ವವು ಹೆರಿಗೆಯ ಕೋಣೆಯವರೆಗೆ ತಲಪಬೇಕಾದರೆ, ಹೊರಗೆ ಉಳಿದಿದ್ದ ಆ ನಾಲ್ವರು ಸ್ತ್ರೀಯರ ಅನುಭವಕ್ಕೂ ಶಾಸ್ತ್ರದಲ್ಲಿ ಎಡೆ ದೊರೆಯಬೇಕಾಗಿತ್ತು.