ಥಿಯೇಟರ್ ಪದವಿ: ಸಂಬಳ ನೋಡೋದಾ, ಸಾಲ ನೋಡೋದಾ?

ಅಮೆರಿಕದ ಕನ್ನಡ ಮನೆಯೊಂದರಲ್ಲಿ ಮಗಳು "ನಾನು ಥಿಯೇಟರ್ ಓದ್ತೀನಿ" ಅಂದರೆ ಮುಂದಿನ ಪ್ರಶ್ನೆ ಏನು ಅಂತ ನಿಮಗೆ ಗೊತ್ತು: "ಓದಿ ಆದಮೇಲೆ ಎಷ್ಟು ಬರುತ್ತೆ?" ಈ ಪ್ರಶ್ನೆಗೆ ಉತ್ತರ ಕೊಡೋಕೆ ಸರ್ಕಾರದ್ದೇ ಒಂದು ವೆಬ್‌ಸೈಟ್ ಇದೆ, ಕಾಲೇಜ್ ಸ್ಕೋರ್‌ಕಾರ್ಡ್. ಒಬಾಮಾ ಸರ್ಕಾರ ಶುರು ಮಾಡಿದ್ದು. 2019ರಿಂದ ಕಾಲೇಜಿನ ಒಂದೊಂದು ಕೋರ್ಸಿನ ಸಂಬಳವನ್ನೂ ಅದು ತೋರಿಸುತ್ತೆ. ಕಂಪ್ಯೂಟರ್ ಸೈನ್ಸ್ ಪಕ್ಕದಲ್ಲಿ ಥಿಯೇಟರ್ ಇಟ್ಟು ನೋಡಿದರೆ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತೆ.

ಅಂಕಿಅಂಶಗಳ ಜೊತೆ ಕೆಲಸ ಮಾಡೋದೇ ನನ್ನ ವೃತ್ತಿ. ಆದ್ದರಿಂದ ಅಂಕಿಗಳನ್ನು ಪಕ್ಕಕ್ಕಿಡಿ, ಮನಸ್ಸಿನ ಮಾತು ಕೇಳಿ ಅಂತ ನಾನು ಹೇಳೋದಿಲ್ಲ. ನನ್ನ ತಕರಾರು ಬೇರೆ. ಈ ಪದವಿಯನ್ನು ತೂಗುವಾಗ ನಾವು ಸಂಬಳದ ಅಂಕಿಯನ್ನೇ ದಿಟ್ಟಿಸಿ ನೋಡ್ತೀವಿ, ಸಾಲದ ಅಂಕಿಯ ಮೇಲೆ ಸುಮ್ಮನೆ ಕಣ್ಣಾಡಿಸ್ತೀವಿ. ತೀರ್ಮಾನ ನಿಂತಿರೋದು ಎರಡನೆಯದರ ಮೇಲೆ.

ಹಾರ್ವರ್ಡ್ ಉದಾಹರಣೆ ತಗೊಳ್ಳಿ. ಅಲ್ಲಿನ ಅಮೆರಿಕನ್ ರೆಪರ್ಟರಿ ಥಿಯೇಟರ್ ಎರಡು ವರ್ಷದ ನಟನಾ ತರಬೇತಿ ನಡೆಸುತ್ತಿತ್ತು. 2017ರ ಜನವರಿಯಲ್ಲಿ ಅದು ಶಿಕ್ಷಣ ಇಲಾಖೆಯ ಪರೀಕ್ಷೆಯಲ್ಲಿ ಫೇಲಾಯಿತು. ಓದಿ ಹೊರಬಂದವರ ಸಾಲ ಸುಮಾರು 78,000 ಡಾಲರ್, ವರ್ಷದ ಗಳಿಕೆ ಸುಮಾರು 36,000. ಮೂರು ವರ್ಷ ಹೊಸಬರನ್ನು ಸೇರಿಸಿಕೊಳ್ಳೋದಿಲ್ಲ ಅಂತ ಸಂಸ್ಥೆ ಘೋಷಿಸಿತು. ಹಾರ್ವರ್ಡ್ ಹೆಸರಿದ್ದರೂ ನಟನೆ ಹೊಟ್ಟೆ ತುಂಬಿಸೋದಿಲ್ಲ ಅಂತ ಹಲವರು ಇದನ್ನು ಓದಿಕೊಂಡರು.

ಈಗ ಲೆಕ್ಕ ಮಾಡೋಣ. ಬಡ್ಡಿ ಶೇ. 6, ಅವಧಿ 10 ವರ್ಷ ಅಂತಿಟ್ಟುಕೊಳ್ಳಿ. 78,000ಕ್ಕೆ ತಿಂಗಳ ಕಂತು ಸುಮಾರು 866 ಡಾಲರ್. ವರ್ಷಕ್ಕೆ 10,400ರ ಹತ್ತಿರ, ಅಂದರೆ ಗಳಿಕೆಯ ಶೇ. 29. ಆಗಿನ ನಿಯಮದ ಒಂದು ಅಳತೆಯ ಪ್ರಕಾರ ಕಂತು ಗಳಿಕೆಯ ಶೇ. 8ರ ಒಳಗಿದ್ದರೆ ಪಾಸು. ಸಾಲ ಅಷ್ಟೇ ಇಟ್ಟು ಪಾಸಾಗಬೇಕು ಅಂದರೆ ಹೊಸ ನಟಿಯೊಬ್ಬಳು ವರ್ಷಕ್ಕೆ 1,30,000 ಡಾಲರ್ ಗಳಿಸಬೇಕು. ಅದು ಯಾವ ಊರಿನ ರಂಗಭೂಮಿಯಲ್ಲೂ ಆಗದ ಮಾತು. ಗಳಿಕೆ ಅಷ್ಟೇ ಇಟ್ಟು ಪಾಸಾಗಬೇಕು ಅಂದರೆ? ಸಾಲ 21,600 ಡಾಲರಿಗೆ ಇಳಿದರೆ ಸಾಕು. ಇದು ಕಷ್ಟ, ಆದರೆ ಆಗುವ ಮಾತು.

ಯೇಲ್‌ನಲ್ಲಿ ಅದು ಆಗಿಯೂ ಹೋಯಿತು. 2021ರಲ್ಲಿ ಡೇವಿಡ್ ಗೆಫೆನ್ ಫೌಂಡೇಶನ್ ಕೊಟ್ಟ 15 ಕೋಟಿ ಡಾಲರ್‌ನಿಂದ ಅಲ್ಲಿನ ಡ್ರಾಮಾ ಸ್ಕೂಲ್ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. ನಟರ ಮಾರುಕಟ್ಟೆ ಬದಲಾಗಲಿಲ್ಲ, ಆಡಿಷನ್ ಸಾಲುಗಳು ಗಿಡ್ಡವಾಗಲಿಲ್ಲ. ಆದರೂ ಅಲ್ಲಿ ಓದುವವರ ಲೆಕ್ಕ ಪೂರ್ತಿ ಬೇರೆಯಾಯಿತು.

ಸಂಬಳದ ಅಂಕಿಯ ತೊಂದರೆ ಏನು ಅಂತೀರಾ? ಸ್ಕೋರ್‌ಕಾರ್ಡ್ ತೋರಿಸೋದು ಮೀಡಿಯನ್: ಎಲ್ಲರನ್ನೂ ಗಳಿಕೆಯ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಗಳಿಕೆ. ಅವರು ನಟರೋ, ಶಾಲೆಯ ಟೀಚರೋ, ಬ್ಯಾಂಕಿನ ಉದ್ಯೋಗಿಯೋ ಅದು ಹೇಳೋದಿಲ್ಲ. ಸರ್ಕಾರದ ನೆರವು ಪಡೆದವರನ್ನು ಮಾತ್ರ ಎಣಿಸುತ್ತೆ. ಎಚ್-4 ವೀಸಾದ ಮಕ್ಕಳಿಗೆ ಆ ನೆರವು ಸಿಗೋದಿಲ್ಲ, ಹಾಗಾಗಿ ಅವರು ಲೆಕ್ಕದಲ್ಲೇ ಇಲ್ಲ. ಚಿಕ್ಕ ಕೋರ್ಸ್ ಆದರೆ ಅಂಕಿ ಪ್ರಕಟವೇ ಆಗೋದಿಲ್ಲ. ಥಿಯೇಟರ್ ಕೋರ್ಸುಗಳು ಹೆಚ್ಚಾಗಿ ಚಿಕ್ಕವೇ.

ಸಾಲದ ಅಂಕಿಯಲ್ಲೂ ಒಂದು ಕಿಂಡಿ ಇದೆ, ಅಪ್ಪ-ಅಮ್ಮಂದಿರು ಗಮನಿಸಿ. ವಿದ್ಯಾರ್ಥಿಯ ಸಾಲ ಅಂತ ಅಲ್ಲಿ ಕಾಣುವ ಮೊತ್ತದಲ್ಲಿ ಪೋಷಕರು ತಮ್ಮ ಹೆಸರಲ್ಲಿ ತೆಗೆದ ಪೇರೆಂಟ್ ಪ್ಲಸ್ ಸಾಲ ಸೇರಿಲ್ಲ, ಖಾಸಗಿ ಸಾಲವೂ ಸೇರಿಲ್ಲ. ಪೋಷಕರ ಆಸರೆಯಲ್ಲಿರುವ ವಿದ್ಯಾರ್ಥಿ ಬ್ಯಾಚುಲರ್ಸ್‌ಗೆ ಸರ್ಕಾರದಿಂದ ತೆಗೆಯಬಹುದಾದ ಸಾಲ ಒಟ್ಟು 31,000 ಡಾಲರ್. ಅದನ್ನು ದಾಟಿದ್ದೆಲ್ಲ ನಿಮ್ಮ ಹೆಸರಿನದು, ಇಲ್ಲ ಬ್ಯಾಂಕಿನದು.

2025ರ ಹೊಸ ಕಾನೂನು ಇದನ್ನು ಅರ್ಧ ಮಾತ್ರ ಅರ್ಥಮಾಡಿಕೊಂಡಿದೆ. 2026ರ ಜುಲೈನಿಂದ ಮಾಸ್ಟರ್ಸ್ ಓದುವ ಹೊಸಬರಿಗೆ ಫೆಡರಲ್ ಸಾಲ ವರ್ಷಕ್ಕೆ 20,500, ಒಟ್ಟು 1,00,000 ಡಾಲರ್ ಮಾತ್ರ. ಇದು ಸರಿಯಾದ ದಿಕ್ಕು. ಆದರೆ ಕೋರ್ಸುಗಳಿಗೆ ಅದು ಇಡುವ ಪರೀಕ್ಷೆ ಬರೀ ಗಳಿಕೆಯದು: ಬ್ಯಾಚುಲರ್ಸ್ ಮುಗಿಸಿದವರು ಹೈಸ್ಕೂಲು ಮುಗಿಸಿದವರಿಗಿಂತ ಹೆಚ್ಚು ಗಳಿಸುತ್ತಾರಾ, ಮಾಸ್ಟರ್ಸ್ ಮುಗಿಸಿದವರು ಬ್ಯಾಚುಲರ್ಸ್‌ನವರಿಗಿಂತ ಹೆಚ್ಚು ಗಳಿಸುತ್ತಾರಾ? ಸಾಲ ಎಷ್ಟು ಅಂತ ಆ ಪರೀಕ್ಷೆ ಕೇಳೋದೇ ಇಲ್ಲ. ಪುಕ್ಕಟೆ ಓದಿಸುವ ಶಾಲೆ, ಲಕ್ಷ ಡಾಲರ್ ಸಾಲ ಹೊರಿಸುವ ಶಾಲೆ, ಎರಡಕ್ಕೂ ಒಂದೇ ತಕ್ಕಡಿ. ನನ್ನ ಪ್ರಕಾರ ಇದು ಹಳೆಯ ನಿಯಮಕ್ಕಿಂತ ಮೊಂಡಾದ ಅಳತೆ.

ಸಾಲದ ಮೇಲೆ ನಾನು ಇಷ್ಟು ಒತ್ತು ಕೊಡೋಕೆ ಕಾರಣ ಇದೆ. ನಾನೂ ಸಾಲ ಮಾಡಿ ಇಲ್ಲಿ ಮಾಸ್ಟರ್ಸ್ ಮಾಡಿದವಳು. ಮೊದಲ ಕೆಲಸ ಯಾವುದು ಅಂತ ಆರಿಸಿದ್ದು ಅರ್ಧ ನಾನು, ಅರ್ಧ ಕಂತು. ನನ್ನ ಕ್ಷೇತ್ರದಲ್ಲಿ ಅದು ನಡೆಯುತ್ತೆ. ರಂಗಭೂಮಿಯಲ್ಲಿ ಮೊದಲ ನಾಲ್ಕೈದು ವರ್ಷ ಕಡಿಮೆ ದುಡ್ಡಿನ ಕೆಲಸಕ್ಕೆ "ಹೂಂ" ಅನ್ನುವ ಸ್ವಾತಂತ್ರ್ಯವೇ ಬಂಡವಾಳ. ಬಿ.ವಿ. ಕಾರಂತ, ಪ್ರಸನ್ನ, ಬಿ. ಜಯಶ್ರೀ ಓದಿದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತೆ. ಪ್ರಸನ್ನ ಕರ್ನಾಟಕಕ್ಕೆ ಮರಳಿ 1975ರಲ್ಲಿ "ಸಮುದಾಯ" ಕಟ್ಟುವವರಲ್ಲಿ ಒಬ್ಬರಾದರು. ಪ್ರತಿ ತಿಂಗಳು ಬ್ಯಾಂಕಿಗೆ ದೊಡ್ಡ ಕಂತು ಕಟ್ಟಬೇಕಾಗಿದ್ದವರು ಬೀದಿ ನಾಟಕಕ್ಕೆ ಇಳಿಯುತ್ತಿದ್ದರಾ? ಯೋಚನೆ ಮಾಡಿ.

ಹಾಗಾಗಿ ಮನೆಯಲ್ಲಿ ಈ ಮಾತು ಬಂದಾಗ ಪ್ರಶ್ನೆ ಬದಲಾಯಿಸಿ. ನೆರವು ಕಳೆದು ನಾಲ್ಕು ವರ್ಷಕ್ಕೆ ನಾವು ಕೊಡಬೇಕಾದ್ದು ಎಷ್ಟು? ಸಾಲ ಯಾರ ಹೆಸರಲ್ಲಿ? ತಿಂಗಳ ಕಂತು ಎಷ್ಟು? ರೆಸ್ಟೋರೆಂಟಿನಲ್ಲಿ ಕೆಲಸ ಮಾಡಿಕೊಂಡು, ರೂಮ್‌ಮೇಟ್‌ಗಳ ಜೊತೆ ಇದ್ದು ಅದನ್ನು ಕಟ್ಟೋಕಾಗುತ್ತಾ? ಆಗುತ್ತೆ ಅಂದರೆ, ಅಪ್ಪ-ಅಮ್ಮಂದಿರೇ, ಸ್ಕೋರ್‌ಕಾರ್ಡ್ ತೋರಿಸಿ ಬೇಡ ಅನ್ನಬೇಡಿ. ಆಗೋದಿಲ್ಲ ಅಂದರೆ, ಮಕ್ಕಳೇ, ಆ ಕಾಲೇಜಿನ ಹೆಸರು ಎಷ್ಟೇ ದೊಡ್ಡದಿರಲಿ ಬಿಟ್ಟುಬಿಡಿ. ಕಡಿಮೆ ಫೀಸಿನ ಸ್ಟೇಟ್ ಯೂನಿವರ್ಸಿಟಿಯಲ್ಲೂ ಸ್ಟೇಜ್ ಇರುತ್ತೆ.